ಪೀಸಾ ಗೋಪುರ, ಪಿಜ್ಜಾ ಲೆಕ್ಕ ಮತ್ತು ‘ಅಜ್ಜನ ಮನೆ’ ಗ್ರೂಪು

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನ ಹೆಸರು ‘ಅಜ್ಜನ ಮನೆ’. ಮೂವತ್ತೊಂದು ಜನ ಇದ್ದೇವೆ. ಅಜ್ಜ ಹೋಗಿ ಇಪ್ಪತ್ತು ವರ್ಷ ಆಯಿತು, ಅರಸೀಕೆರೆ ಹತ್ತಿರದ ಆ ಮನೆ ಮಾರಿ ಒಂಬತ್ತು. ಮಾರಿದ ದುಡ್ಡಿನ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. ಹಾಗಾಗಿ ಇಲ್ಲಿ ಬೆಲ್ಲದ ಬಗ್ಗೆ ಮಾತು ಶುರುವಾದರೂ ಹತ್ತನೇ ಮೆಸೇಜಿಗೆ ಯಾರೋ ಯಾರಿಗೋ ಏನೋ ಅಂದ ಹಳೇ ಮಾತಿಗೆ ಬಂದು ನಿಲ್ಲುತ್ತದೆ. ಹೋದ ಭಾನುವಾರದ್ದು ಹೀಗೆ. ಕೆಲವು ಮೆಸೇಜುಗಳನ್ನು ಮೊಟಕು ಮಾಡಿದ್ದೇನೆ. ದೊಡ್ಡಪ್ಪನ ವಾಯ್ಸ್ ಮೆಸೇಜನ್ನಂತೂ ಮಾಡದೆ ವಿಧಿಯಿರಲಿಲ್ಲ.

ಬೆಳಿಗ್ಗೆ 6:12
ನಾಗರಾಜ ಚಿಕ್ಕಪ್ಪ (ಹಲವು ಬಾರಿ ಫಾರ್ವರ್ಡ್ ಆದದ್ದು): ಆಘಾತಕಾರಿ ಸುದ್ದಿ!! ಯುನೆಸ್ಕೋದ ಪೀಸಾ ಪರೀಕ್ಷೆಯಲ್ಲಿ ಭಾರತದ 15 ವರ್ಷದ ಮಕ್ಕಳಿಗೆ 74 ದೇಶಗಳಲ್ಲಿ 73ನೇ ಸ್ಥಾನ!! ಫಿನ್‌ಲ್ಯಾಂಡ್ ನಂಬರ್ 1. ಅಲ್ಲಿ ಹೋಂವರ್ಕೇ ಇಲ್ಲ!! ನಮ್ಮಲ್ಲಿ ಸರ್ಕಾರಿ ಶಾಲೆಗಳಿಗೆ ಕೋಟಿ ಕೋಟಿ ಸುರಿದರೂ ಫಲ ಸೊನ್ನೆ. ಹತ್ತು ಜನಕ್ಕೆ ಕಳಿಸಿ.

6:12
ನಾಗರಾಜ ಚಿಕ್ಕಪ್ಪ: ನಾನು ಅವತ್ತಿಂದ ಹೇಳ್ತಾನೇ ಇದೀನಿ

ಚಿಕ್ಕಪ್ಪ ಬ್ಯಾಂಕಿನಿಂದ ನಿವೃತ್ತರು. ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಮೀಡಿಯಂ ಓದಿದವರು ಆ ತಲೆಮಾರಿನಲ್ಲಿ ಅವರೊಬ್ಬರೇ. ದೊಡ್ಡಪ್ಪ ಸರ್ಕಾರಿ ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ಟರು. ‘ಫಲ ಸೊನ್ನೆ’ ಅನ್ನುವ ಎರಡು ಪದ ಯಾರ ಮನೆ ಬಾಗಿಲಿಗೆ ಬಿತ್ತು ಅಂತ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು.

6:20
ಸ್ಮಿತಾ ಅತ್ತಿಗೆ: ಶುಭೋದಯ (ಕಾಫಿ ಲೋಟ, ಗುಲಾಬಿ, ಗುಲಾಬಿ)

6:31
ರಾಮಣ್ಣ ದೊಡ್ಡಪ್ಪ: ಪೀಸಾ ಗೋಪುರ ಇಟಲಿಯಲ್ಲಿದೆ. ಪಾಯ ಗಟ್ಟಿಯಿಲ್ಲದೆ ವಾಲಿದೆ. ಮಕ್ಕಳಿಗೆ ಪಾಯ ಹಾಕುವವರು ಯಾರು? ತಂದೆ ತಾಯಿ. ಅದನ್ನು ಬಿಟ್ಟು ಮೇಷ್ಟ್ರನ್ನು ಬೈಯುವುದು ಈಗಿನ ಫ್ಯಾಷನ್.

6:33
ಮಂಜಣ್ಣ: ಸೂಪರ್ ದೊಡ್ಡಪ್ಪ

ಗ್ರೂಪಿನಲ್ಲಿ ನನ್ನ ಅಡ್ಡಹೆಸರು ‘ಲಿಂಕ್ ಎಲ್ಲಿ’. ಸುಮ್ಮನಿರಬೇಕಿತ್ತು. ಹಲ್ಲುಜ್ಜುತ್ತಾ ಟೈಪ್ ಮಾಡಿದೆ.

7:05
ನಾನು: ಚಿಕ್ಕಪ್ಪ, ಇದು ಯುನೆಸ್ಕೋದ್ದಲ್ಲ. ಪ್ಯಾರಿಸ್‌ನಲ್ಲಿ ಒಇಸಿಡಿ ಅಂತ ಇದೆ, ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟ, ಅವರು 2000ದಿಂದ ಮೂರು ವರ್ಷಕ್ಕೊಂದ್ಸಲ ಮಾಡ್ತಾ ಬಂದಿರೋದು. ನೀವು ಕಳಿಸಿರೋದು 2011ರ ಡಿಸೆಂಬರಿನ ಫಲಿತಾಂಶ. ಅದರಲ್ಲಿ ಇಡೀ ಭಾರತ ಇರಲೇ ಇಲ್ಲ, ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಅಷ್ಟೇ. ಕರ್ನಾಟಕದ ಒಂದು ಮಗುವೂ ಬರೆದಿಲ್ಲ. ಕೆಳಗಿದ್ದದ್ದು ನಿಜ, ಇನ್ನೂ ಕೆಳಗೆ ಇದ್ದಿದ್ದು ಕಿರ್ಗಿಸ್ತಾನ್ ಒಂದೇ. ಆದ್ರೆ ಅವತ್ತು ಮೊದಲು ಬಂದಿದ್ದು ಶಾಂಘೈ, ಫಿನ್‌ಲ್ಯಾಂಡ್ ಅಲ್ಲ. ಫಿನ್‌ಲ್ಯಾಂಡಿನ ಗಣಿತ 2006ರಲ್ಲಿ 548 ಇದ್ದಿದ್ದು 2022ಕ್ಕೆ 484ಕ್ಕೆ ಇಳಿದಿದೆ. ಪ್ರಶ್ನೆಗಳು ನಮ್ಮ ಮಕ್ಕಳ ಪರಿಸರದ್ದಲ್ಲ ಅಂತ ಹೇಳಿ ನಮ್ಮ ಸರ್ಕಾರ ಹೊರಗೆ ಬಂತು. 2019ರಲ್ಲಿ ಚಂಡೀಗಢ, ಕೇಂದ್ರೀಯ ವಿದ್ಯಾಲಯ, ನವೋದಯ ಇಷ್ಟನ್ನೇ ಸೇರಿಸಿ ಮತ್ತೆ ಬರೀತೀವಿ ಅಂತ ಒಪ್ಪಂದ ಆಯ್ತು. ಕೋವಿಡ್‌ನಿಂದ ಪರೀಕ್ಷೆ 2022ಕ್ಕೆ ಹೋಯ್ತು, ಅದಕ್ಕೂ ನಾವು ಕೂರಲಿಲ್ಲ.

7:06
ನಾಗರಾಜ ಚಿಕ್ಕಪ್ಪ: ಇಷ್ಟುದ್ದ ಯಾರಮ್ಮ ಓದ್ತಾರೆ. ಒಟ್ನಲ್ಲಿ ಕೆಳಗಿದ್ವಿ ಅಂತ ನೀನೇ ಒಪ್ಕೊಂಡೆ

7:09
ರಾಮಣ್ಣ ದೊಡ್ಡಪ್ಪ: ಸಂಧ್ಯಾ, ಹಿರಿಯರಿಗೆ ‘ನೀವು ಕಳಿಸಿರೋದು’ ಎಂಬ ಧಾಟಿಯಲ್ಲಿ ಬರೆಯಬಾರದು ಮಗಳೇ.

ನಾನು ವಾದಿಸಿದ್ದು ಅವರ ಪರವಾಗಿ. ಇರಲಿ.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಪ್ರವೀಣ ಎದ್ದ. ಎದ್ದ ಕೂಡಲೇ “ರಾಷ್ಟ್ರಗೀತೆಗೆ ಯುನೆಸ್ಕೋ ಪ್ರಶಸ್ತಿ ಅಂತ ಸುಳ್ಳು ಸುದ್ದಿ ಕಳಿಸಿದ್ದೂ ಚಿಕ್ಕಪ್ಪಾನೇ ಅಲ್ವಾ” ಅಂತ ಹಾಕಿದ. ಅದು ನಾನಲ್ಲ, ಮಂಜು ಅಂತ ಚಿಕ್ಕಪ್ಪ. ನಾನು ಕಳಿಸಿದ್ದು ಬೆಲ್ಲದ್ದು, ರಾಷ್ಟ್ರಗೀತೆ ಸ್ಮಿತಾದು ಅಂತ ಮಂಜಣ್ಣ. ಸ್ಮಿತಾ ಅತ್ತಿಗೆ ಎರಡು ವರ್ಷದ ಹಿಂದಿನ ಸ್ಕ್ರೀನ್‌ಶಾಟ್ ತೆಗೆದು ಹಾಕಿದರು. ಕಳಿಸಿದ್ದು ಮಂಜಣ್ಣನೇ. ಇಷ್ಟಕ್ಕೆ ನಲವತ್ತು ನಿಮಿಷ ಹೋಯಿತು. ಈ ಗ್ರೂಪಿನಲ್ಲಿ ಪುರಾವೆ ಸಮೇತ ಇತ್ಯರ್ಥವಾದ ಏಕೈಕ ವಿಷಯ ಅದು.

8:02
ಮಂಜಣ್ಣ: ಸರಿ ಬಿಡು. ಅಂಥಾ ಬ್ರಹ್ಮವಿದ್ಯೆ ಏನು ಕೇಳ್ತಾರಂತೆ ಆ ಪರೀಕ್ಷೇಲಿ?

8:06
ನಾನು: ಒಂದು ಹಳೇ ಪ್ರಶ್ನೆ. ಒಂದೇ ದಪ್ಪದ ಎರಡು ದುಂಡನೆ ಪಿಜ್ಜಾ. ಚಿಕ್ಕದರ ಅಡ್ಡಳತೆ 30 ಸೆಂಟಿಮೀಟರ್, ಬೆಲೆ 30 ಝೆಡ್. ದೊಡ್ಡದು 40 ಸೆಂಟಿಮೀಟರ್, ಬೆಲೆ 40 ಝೆಡ್. ಯಾವುದು ತಗೊಂಡ್ರೆ ಲಾಭ? ಯಾಕೆ? (ಝೆಡ್ ಅನ್ನೋದು ಯಾವ ದೇಶದ ದುಡ್ಡೂ ಅಲ್ಲ, ಎಲ್ಲರಿಗೂ ಒಂದೇ ಇರಲಿ ಅಂತ ಹುಟ್ಟಿಸಿದ್ದು)

8:07
ನಾಗರಾಜ ಚಿಕ್ಕಪ್ಪ: ಎರಡೂ ಒಂದೇ. ಸೆಂಟಿಮೀಟರಿಗೆ ಒಂದು. ಮೂವತ್ತೈದು ವರ್ಷ ಬ್ಯಾಂಕಲ್ಲಿದ್ದೋನನ್ನ ಕೇಳೋ ಪ್ರಶ್ನೆನಾ ಇದು

8:08
ರಾಮಣ್ಣ ದೊಡ್ಡಪ್ಪ: ಮೈದಾ ಕರುಳಿಗೆ ಅಂಟುತ್ತದೆ. ಪ್ರಶ್ನೆಯೇ ನಮ್ಮ ಸಂಸ್ಕೃತಿಯದ್ದಲ್ಲ.

8:10
ಮಂಜಣ್ಣ: ಪಿಜ್ಜಾ ಬಿಡಿ. ನಮ್ಮ ಸ್ಕೂಲಲ್ಲಿ ಕೊಡ್ತಿದ್ರಲ್ಲ ಹಳದಿ ಉಪ್ಪಿಟ್ಟು, ನೆನಪಿದ್ಯಾ? ಡಾಲ್ಡಾ ವಾಸನೆ. ಮುತ್ತುಗದ ಎಲೆ. ತಟ್ಟೆ ತಂದೋರಿಗೆ ಒಂದು ಸೌಟು ಜಾಸ್ತಿ. ನಾನು ಅಜ್ಜಿಯ ದೇವರ ತಟ್ಟೆ ಕದ್ದು ಒಯ್ದು ಏಟು ತಿಂದಿದ್ದೆ

ಆ ಮೇಲೆ ಹನ್ನೆರಡು ಮೆಸೇಜು ಉಪ್ಪಿಟ್ಟೇ. ದೇವರ ತಟ್ಟೆ ಈಗ ಯಾರ ಮನೆಯಲ್ಲಿದೆ ಅಂತ ಯಾರೋ ಕೇಳಿದರು. ಉತ್ತರ ಬರಲಿಲ್ಲ. ಈ ಗಲಾಟೆಯ ನಡುವೆ 8:14ಕ್ಕೆ ಸರೋಜತ್ತೆಯ ಒಂದು ಸಾಲು ಇತ್ತು: “ದೊಡ್ಡದೇ ಲಾಭ. ಅಂಬ್ರೆಲಾ ಲಂಗದ ಹಾಗೆ.” ಯಾರೂ ನೋಡಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡಲಿಲ್ಲ. ದೇವರ ತಟ್ಟೆ ನಮ್ಮ ಮನೆಯಲ್ಲಿದೆ, ನನ್ನ ಗಮನ ಅತ್ತ ಇತ್ತು.

9:20
ಪ್ರವೀಣ: ಸೀರಿಯಸ್ಸಾಗಿ ಒಂದು ಹೇಳ್ಲಾ. ಇಲ್ಲಿ ಜರ್ಮನಿಯವರೂ ನಮ್ಮ ಹಾಗೇ ಅನ್ಕೊಂಡಿದ್ರು, ತಮ್ಮ ಶಾಲೆ ಅಂದ್ರೆ ಶಾಲೆ ಅಂತ. 2001ರಲ್ಲಿ ಮೊದಲ ಫಲಿತಾಂಶ ಬಂತು. ಓದುವುದರಲ್ಲಿ ಸರಾಸರಿ 500, ಇವರದ್ದು 484. ‘ಪೀಸಾ ಆಘಾತ’ ಅಂತ ಇವತ್ತಿಗೂ ಕರೀತಾರೆ. ಅದಕ್ಕಿಂತ ನಾಚಿಕೆ ಅಂದ್ರೆ, ಅಪ್ಪ ಅಮ್ಮ ಏನು ಅನ್ನೋದ್ರ ಮೇಲೆ ಮಗುವಿನ ಅಂಕ ನಿಲ್ಲೋದು ಇಲ್ಲಿ ಬೇರೆಲ್ಲಾ ಕಡೆಗಿಂತ ಜೋರಾಗಿತ್ತು. ಯಾಕಂದ್ರೆ ನಾಲ್ಕನೇ ಕ್ಲಾಸು ಮುಗೀತಿದ್ದ ಹಾಗೆ ಹತ್ತು ವರ್ಷದ ಮಕ್ಕಳನ್ನ ಮೂರು ಥರದ ಶಾಲೆಗೆ ಜರಡಿ ಹಿಡೀತಿದ್ರು. ಸಾಲದ್ದಕ್ಕೆ ಶಾಲೆ ಮಧ್ಯಾಹ್ನಕ್ಕೇ ಬಿಡ್ತಿತ್ತು. ಉಳಿದ ಪಾಠ ಅಮ್ಮ ಮನೇಲಿ ಹೇಳಿಕೊಡಬೇಕು. ಅಮ್ಮನಿಗೆ ಜರ್ಮನ್ ಬರದಿದ್ರೆ?

9:22
ಪ್ರವೀಣ: ಆಮೇಲೆ ಪೂರ್ತಿ ದಿನದ ಶಾಲೆ ಹೆಚ್ಚು ಮಾಡಿದ್ರು, ಚಿಕ್ಕ ಮಕ್ಕಳಿಗೆ ಭಾಷೆ ಕಲಿಸೋಕೆ ಶುರು ಮಾಡಿದ್ರು, ಮೇಲೆ ಬಂದ್ರು. 2012ರಲ್ಲಿ ಗಣಿತ 514. 2022ರಲ್ಲಿ ಮತ್ತೆ 475ಕ್ಕೆ ಬಿತ್ತು. ಜರಡಿ ಮಾತ್ರ ಇನ್ನೂ ಇದೆ. ಹೋದ ತಿಂಗಳು ನಮ್ಮ ಅನಘಾಗೆ ಟೀಚರ್ ರಿಯಲ್‌ಶೂಲ ಅಂತ ಬರೆದುಕೊಟ್ಟಿದಾರೆ, ಗಿಮ್ನಾಸಿಯಂ ಅಲ್ಲ. ಇವಳು ಎರಡು ದಿನ ಊಟ ಮಾಡಿಲ್ಲ

9:23
ನಾಗರಾಜ ಚಿಕ್ಕಪ್ಪ: ರಿಯಲ್ ಸ್ಕೂಲು ಒಳ್ಳೇದೇ ಅಲ್ವೇನೋ. ಜಿಮ್ನಾಷಿಯಂ ಯಾಕೆ ಅವಳಿಗೆ, ಮನೇಲೇ ಯೋಗ ಮಾಡ್ಲಿ

ಪ್ರವೀಣ ಒಂದು ಗಂಟೆ ಮಾತಾಡಲಿಲ್ಲ. ವಿಶ್ವವಿದ್ಯಾಲಯದ ದಾರಿ ಗಿಮ್ನಾಸಿಯಂ ಅಂತ ನಾನು ವಿವರಿಸಿದೆ. ಅದಕ್ಕೆ ಒಂದು ಹೆಬ್ಬೆರಳು ಬಂತು, ಸ್ಮಿತಾ ಅತ್ತಿಗೆಯದು. ಅವರು ಎಲ್ಲದಕ್ಕೂ ಹಾಕುತ್ತಾರೆ.

10:40
ನಾಗರಾಜ ಚಿಕ್ಕಪ್ಪ: ಅವರದ್ದು ಅವರಿಗಿರ್ಲಿ. ನಮ್ಮ ಅಪಾರ್ಟ್‌ಮೆಂಟಲ್ಲೇ ನಾಲ್ಕು ಮಕ್ಕಳು ಈ ಸಲ 95ರ ಮೇಲೆ. ಎಲ್ಲಾ ಪ್ರೈವೇಟು. ಅಂದ್ರೆ ತೊಂದ್ರೆ ಎಲ್ಲಿದೆ ಹೇಳಿ?

10:47
ನಾನು: ನಿಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಟ್ಯೂಷನ್ ಎಷ್ಟು ಕಡೆ ಅಂತಲೂ ಕೇಳಿ ಚಿಕ್ಕಪ್ಪ. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳೂ ಅದೇ ವಯಸ್ಸಿನವರೇ. 2024ರಲ್ಲಿ ಪರೀಕ್ಷೆ ಕೋಣೆಗೆ ಕ್ಯಾಮೆರಾ ಹಾಕಿದ್ರು. ಫಲಿತಾಂಶ 83.89ರಿಂದ 73.40ಕ್ಕೆ ಬಿತ್ತು, ಅದೂ ಗ್ರೇಸ್ ಮಾರ್ಕ್ಸನ್ನ ಶೇಕಡಾ 20ಕ್ಕೆ ಏರಿಸಿದ ಮೇಲೆ. ಉಡುಪಿ 94, ಯಾದಗಿರಿ 50.59. ಒಂದೇ ಪ್ರಶ್ನೆಪತ್ರಿಕೆ. ಯಾದಗಿರಿ ಮಕ್ಕಳ ತಲೆಯೊಳಗೆ ಅರ್ಧ ಮಿದುಳು ಇದೆಯಾ? ಪೀಸಾ ಹೇಳೋದೂ ಇದನ್ನೇ. 2022ರಲ್ಲಿ ಒಇಸಿಡಿ ದೇಶಗಳಲ್ಲಿ ಅನುಕೂಲಸ್ಥರ ಮಕ್ಕಳಿಗೂ ಬಡವರ ಮಕ್ಕಳಿಗೂ ಗಣಿತದಲ್ಲಿ ಸರಾಸರಿ 93 ಅಂಕ ಅಂತರ. 20 ಅಂಕ ಅಂದ್ರೆ ಹೆಚ್ಚುಕಮ್ಮಿ ಒಂದು ವರ್ಷದ ಕಲಿಕೆ.

10:48
ನಾಗರಾಜ ಚಿಕ್ಕಪ್ಪ: ಮತ್ತೆ ಉದ್ದ

ಇದಕ್ಕೆ ದೊಡ್ಡಪ್ಪ ವಾಯ್ಸ್ ಮೆಸೇಜ್ ಕಳಿಸಿದರು. ಐದು ನಿಮಿಷ ನಲವತ್ತು ಸೆಕೆಂಡು. ಮೊದಲ ಎರಡು ನಿಮಿಷ ಗುರುಭಕ್ತಿ, ಮೊಬೈಲು, ಹರಿದ ಪ್ಯಾಂಟು. ಹಿಂದೆ ಕುಕ್ಕರ್ ಕೂಗುತ್ತಿತ್ತು. ಮೂರನೇ ನಿಮಿಷಕ್ಕೆ ದನಿ ಬದಲಾಯಿತು. ಮೊದಲ ಪೋಸ್ಟಿಂಗ್ ಯಾದಗಿರಿ ಕಡೆ, ಆಗ ಅದು ಗುಲ್ಬರ್ಗ ಜಿಲ್ಲೆ. ಮೂರು ಕ್ಲಾಸಿಗೆ ಇವರೊಬ್ಬರೇ ಗಣಿತದ ಮೇಷ್ಟ್ರು. ಹತ್ತಿ ಬಿಡಿಸುವ ಕಾಲ ಬಂದರೆ ಹಾಜರಿ ಕೂಗಿದರೆ ‘ಬಂದೀನ್ರಿ’ ಅನ್ನುವವರು ಆರೋ ಏಳೋ. ಒಬ್ಬ ಹುಡುಗ ಇದ್ದನಂತೆ, ಬಾಯಲ್ಲೇ ಮೂರಂಕಿ ಗುಣಾಕಾರ ಮಾಡುತ್ತಿದ್ದ. ದೀಪಾವಳಿ ರಜೆ ಮುಗಿಸಿ ಬಂದು ನೋಡಿದರೆ ಬೆಂಚು ಖಾಲಿ. “ಅವನ ಹೆಸರು ಹಾಜರಿ ಪುಸ್ತಕದಲ್ಲಿ ಮಾರ್ಚಿವರೆಗೂ ಕೂಗ್ತಾ ಇದ್ದೆ,” ಅಂದರು. ಆಮೇಲೆ ಕುಕ್ಕರ್ ಆಫ್ ಮಾಡು ಅಂತ ದೊಡ್ಡಮ್ಮನಿಗೆ ಕೂಗಿದ್ದೂ ರೆಕಾರ್ಡ್ ಆಗಿದೆ.

ಇದನ್ನು ಪೂರ್ತಿ ಕೇಳಿದವರು ಮೂರೇ ಜನ ಅಂತ ನನ್ನ ಅಂದಾಜು. ಚಿಕ್ಕಪ್ಪ ಕೇಳಿಲ್ಲ, ಯಾಕೆಂದರೆ ಒಂದೇ ನಿಮಿಷದಲ್ಲಿ ಉತ್ತರ ಬಂತು.

11:02
ನಾಗರಾಜ ಚಿಕ್ಕಪ್ಪ: ಬಡತನ ಬಡತನ ಅಂತ ನೆಪ ಹೇಳ್ಬೇಡಿ. ವಿಯೆಟ್ನಾಂ ಬಡ ದೇಶ ತಾನೆ? ಅಮೆರಿಕಾನೇ ಹಿಂದಕ್ಕೆ ಹಾಕಿತ್ತು. ಈಗ ನಾನೂ ಗೂಗಲ್ ಮಾಡಿದೀನಿ

ಹೌದು, ಇದು ಸರಿಯಾದ ಏಟು. 2012ರಲ್ಲಿ ಗಣಿತದಲ್ಲಿ ವಿಯೆಟ್ನಾಂ 511, ಅಮೆರಿಕ 481. ಅಲ್ಲಿನ ಬಡ ಮಕ್ಕಳು ಬೇರೆ ದೇಶದ ಅನುಕೂಲಸ್ಥರ ಸಮಕ್ಕೆ ಬರೆದದ್ದನ್ನು ನೋಡಿ ದೊಡ್ಡ ದೊಡ್ಡವರೇ ತಲೆ ಕೆರೆದುಕೊಂಡಿದ್ದಾರೆ. ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಅಡ್ಡಹೆಸರಿನ ಮರ್ಯಾದೆ ಉಳಿಸಬೇಕಲ್ಲ.

11:09
ನಾನು: ನಿಜ ಚಿಕ್ಕಪ್ಪ, ಚೆನ್ನಾಗಿ ಬರೆದಿದಾರೆ. ಒಂದೇ ಒಂದು ವಿಷಯ. ಆ ಪರೀಕ್ಷೆ ಶಾಲೆಯಲ್ಲಿ ಇರೋ ಮಕ್ಕಳಿಗೆ ಮಾತ್ರ. 2015ರಲ್ಲಿ ವಿಯೆಟ್ನಾಮಿನ ಆ ವಯಸ್ಸಿನವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಆ ಲೆಕ್ಕದೊಳಗೇ ಬಂದಿಲ್ಲ.

11:11
ಸರೋಜತ್ತೆ: ಶಾಲೆ ಬಿಟ್ಟೋರನ್ನ ಎಣಿಸಲ್ವಾ ಸಂಧ್ಯಾ?

11:11
ನಾನು: ಇಲ್ಲ ಅತ್ತೆ. ಏಳನೇ ಕ್ಲಾಸಿಂದ ಮೇಲೆ ಶಾಲೆಯಲ್ಲಿ ಹೆಸರು ಇರಬೇಕು.

11:13ಕ್ಕೆ ಇನ್ನೊಂದು ಮೆಸೇಜು ಬಂತು. ಒಂದು ನಿಮಿಷ ಇತ್ತೋ ಏನೋ. ಈಗ ಅಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಇದೆ. ನಾನು ಫೋನ್ ಕೈಯಲ್ಲೇ ಹಿಡಿದಿದ್ದರಿಂದ ಓದಿದ್ದೆ: “ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ನಾನೂ ಬರೆದಿದ್ದೆ. ಗಣಿತ 81. ಆಮೇಲೆ ಹಾಸನದ ಹಾಸ್ಟೆಲ್ ಫೀಜಿನ ಕಾಗದ ಬಂತು.”

11:15
ರಾಮಣ್ಣ ದೊಡ್ಡಪ್ಪ: ಏನಮ್ಮ ಸರೋಜ ಅಳಿಸಿದ್ದು?

‘ನಾಗರಾಜ ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು. ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಅವರೂ ಓದಿದ್ದರು ಅಂತ ಕಾಣುತ್ತೆ. ಅಜ್ಜನ ತೀರ್ಮಾನ ಅದು, ಚಿಕ್ಕಪ್ಪನಿಗೆ ಆಗ ಹದಿನಾರು ವರ್ಷ, ಅವರ ಕೈಯಲ್ಲಿ ಏನೂ ಇರಲಿಲ್ಲ. ಸಂಬಳ ತರುತ್ತಿದ್ದವರು ದೊಡ್ಡಪ್ಪ ಒಬ್ಬರೇ. ಅಜ್ಜ ಅವರಿಗೆ ಕಾಗದ ಬರೆದು ಕೇಳಿದರಂತೆ, ಹುಡುಗಿಯನ್ನು ಬಿಡಿಸೋಣವಾ ಅಂತ. ನಿಮ್ಮಿಷ್ಟ ಅಂತ ಉತ್ತರ ಬಂತಂತೆ, ಯಾದಗಿರಿಯಿಂದ. ಇದು ಅಮ್ಮ ಹೇಳಿದ್ದು. ಗ್ರೂಪಿನಲ್ಲಿ ಬರೆಯುವ ಧೈರ್ಯ ನನಗಿಲ್ಲ.

11:31
ಸ್ಮಿತಾ ಅತ್ತಿಗೆ: ಇವತ್ತು ನಮ್ಮ ಚಿಂಟು ಹುಟ್ಟುಹಬ್ಬ!! ಎಲ್ಲರೂ ಹರಸಿ (ಕೇಕು, ಬಲೂನು)

ಹರಸಿದರು. ಇಪ್ಪತ್ತೆಂಟು ಜನ. ಸಂಜೆಗೆ ಪ್ರವೀಣ ಗ್ರೂಪಿನಿಂದ ಹೊರಗೆ ಹೋಗಿ ರಾತ್ರಿಗೆ ವಾಪಸ್ ಸೇರಿಕೊಂಡ. ಮಂಜಣ್ಣ ಅಡ್ಮಿನ್ ಆಗಿ ‘ಶಿಕ್ಷಣದ ಚರ್ಚೆ ಇಲ್ಲಿಗೆ ಬಂದ್’ ಅಂತ ಹಾಕಿದ.

ರಾತ್ರಿ ಹತ್ತರ ಮೇಲೆ ಸರೋಜತ್ತೆ ನನಗೊಬ್ಬಳಿಗೇ ಬರೆದರು. ಅವರು ನಲವತ್ತು ವರ್ಷದಿಂದ ತಿಪಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ.

“ಬೆಳಿಗ್ಗೆ ಪಿಜ್ಜಾದು ಸರೀನಾ ಅಂತ ಹೇಳಲೇ ಇಲ್ಲ ನೀನು.”

ಆಗ ಮೇಲೆ ಹೋಗಿ ಹುಡುಕಿದೆ. 8:14. ಸರಿಯೇ. ಅಡ್ಡಳತೆ ಮೂರಕ್ಕೆ ನಾಲ್ಕಾದರೆ ಪಿಜ್ಜಾ ಒಂಬತ್ತಕ್ಕೆ ಹದಿನಾರಾಗುತ್ತೆ, ಬೆಲೆ ಏರುವುದು ಮೂರಕ್ಕೆ ನಾಲ್ಕು ಮಾತ್ರ. ಸರಿ ಅತ್ತೆ, ಹೇಗೆ ಗೊತ್ತಾಯ್ತು ಅಂತ ಕೇಳಿದೆ.

“ಅಂಬ್ರೆಲಾ ಲಂಗ ಒಂದು ಗೇಣು ಉದ್ದ ಮಾಡಿ ಅಂತಾರೆ, ಒಂದು ಗೇಣಿಗೆ ದುಡ್ಡು ಕೊಡ್ತಾರೆ. ಬಟ್ಟೆ ಎಷ್ಟು ಹೋಗುತ್ತೆ ಅಂತ ನಂಗೆ ಗೊತ್ತು. ಅಂಥದ್ದು ಇನ್ನೊಂದಿದ್ರೆ ಕಳಿಸು. ಗ್ರೂಪಿಗೆ ಬೇಡ.”

ನಡಿಗೆಯದೊಂದು ಕಳಿಸಿದೆ. ಗಂಡಸರ ನಡಿಗೆಗೆ ಒಂದು ಸೂತ್ರ: ನಿಮಿಷಕ್ಕೆ ಎಷ್ಟು ಹೆಜ್ಜೆಯೋ ಅದನ್ನು ಒಂದು ಹೆಜ್ಜೆಯ ಉದ್ದದಿಂದ ಭಾಗಿಸಿದರೆ 140 ಬರುತ್ತೆ, ಉದ್ದ ಮೀಟರಿನಲ್ಲಿ. ಒಬ್ಬ ನಿಮಿಷಕ್ಕೆ 70 ಹೆಜ್ಜೆ ಹಾಕಿದರೆ ಅವನ ಹೆಜ್ಜೆ ಎಷ್ಟುದ್ದ?

ಎರಡು ನೀಲಿ ಗೆರೆ ಬಿತ್ತು. ಹತ್ತು ನಿಮಿಷ ಏನೂ ಇಲ್ಲ. ಮಲಗಿದರೇನೋ ಅಂದುಕೊಂಡೆ.

“ಅರ್ಧ ಮೀಟರು. ಒಂದು ಮೊಳ, ಮೇಲೆ ಎರಡು ಬೆರಳು. ಗಿಡ್ಡ ಇರಬೇಕು ಅವನು. ಸರೀನಾ?”