ಸಹಾಯ ಬೇಕು: ಮಳೆಗಾಲದ ಸೂರ್ಯಕಲೆ ಎಣಿಕೆಗೆ ಕೆ ಗುಣಕ ಯಾವುದು ಹಾಕೋದು?

ಎಲ್ರಿಗೂ ನಮಸ್ಕಾರ. (ಕೆ ಅಂದ್ರೆ ನಮ್ಮ ಎಣಿಕೆಯನ್ನ ಪ್ರಮಾಣಿತ ಅಂಕಿಗೆ ಹೊಂದಿಸೋ ಗುಣಕ.) ಹಾಸನದಲ್ಲಿ ತಾರಸಿ ಮೇಲಿಂದ ದಿನಾ ಬೆಳಿಗ್ಗೆ 8ರ ಸುಮಾರಿಗೆ ಎಣಿಕೆ. 60 ಮಿ.ಮೀ. ದೂರದರ್ಶಕ, ನಾಭಿದೂರ 700 ಮಿ.ಮೀ. 20 ಮಿ.ಮೀ. ಹೈಗೆನ್ಸ್ ಐಪೀಸ್‌ನಿಂದ 48 ಸೆಂ.ಮೀ. ದೂರದ ಬಿಳಿ ರಟ್ಟಿನ ಮೇಲೆ ಸುಮಾರು 15 ಸೆಂ.ಮೀ. ಬಿಂಬ ಬೀಳುತ್ತೆ. (ಅಂಟಿಸಿದ ಮಸೂರದ ಐಪೀಸ್ ಬಿಸಿಗೆ ಹಾಳಾಗುತ್ತೆ, ಅದಕ್ಕೇ ಹೈಗೆನ್ಸ್. ಗುರಿ ಹಿಡಿಯೋ ಪುಟ್ಟ ಫೈಂಡರ್‌ಗೆ ಮುಚ್ಚಳ ಹಾಕೋದು ಮರೀಬೇಡಿ.) ರಟ್ಟು ಮೆಲ್ಲಗೆ ಅಲ್ಲಾಡಿಸಿದ್ರೆ ಕಾಗದದ ಚುಕ್ಕೆ ಜೊತೆಗೇ ಸರಿಯುತ್ತೆ, ನಿಜವಾದ ಕಲೆ ಬಿಂಬದಲ್ಲೇ ನಿಲ್ಲುತ್ತೆ. ಹಾಗಾಗಿ ಸಣ್ಣ ಕಲೆ ಎಣಿಸೋದು ಸಮಸ್ಯೆ ಅಲ್ಲ.

ಲೆಕ್ಕ ವುಲ್ಫ್ ಸೂತ್ರದ್ದು: ಗುಂಪುಗಳ ಹತ್ತರಷ್ಟಕ್ಕೆ ಬಿಡಿ ಕಲೆಗಳನ್ನ ಕೂಡಿಸಿ, ಕೆ ಇಂದ ಗುಣಿಸೋದು. ಹೋಲಿಕೆಗೆ ಬ್ರಸೆಲ್ಸ್‌ನ ಸಿಲ್ಸೋ (ಅಂತರರಾಷ್ಟ್ರೀಯ ಸೂರ್ಯಕಲೆ ಅಂಕಿ ಕೊಡೋ ಕೇಂದ್ರ) ದಿನದ ಅಂಕಿ, ಅದೂ 2015ರ ಪರಿಷ್ಕೃತ ಸರಣಿ, ಹಳೇ 0.6 ಗುಣಕದ್ದಲ್ಲ. ಕೆಗಾಗಿ ಸಿಲ್ಸೋ ಅಂಕಿಯನ್ನ ನನ್ನ ಎಣಿಕೆಯಿಂದ ದಿನಾ ಭಾಗಿಸಿ ಸರಾಸರಿ ಮಾಡಿದ್ರೆ ಕಲೆಯೇ ಕಾಣದ ದಿನ ಸೊನ್ನೆಯಿಂದ ಭಾಗಿಸ್ಬೇಕಾಗುತ್ತೆ. ಅದಕ್ಕೇ ತಿಂಗಳ ಮೊತ್ತಕ್ಕೆ ಮೊತ್ತ ಭಾಗಿಸಿದ್ದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಚೆನ್ನಾಗೇ ಕೂತಿದೆ.

ಸಿಕ್ಕಿಹಾಕಿಕೊಂಡಿರೋದು ಜುಲೈನಲ್ಲಿ. ಬಿಸಿಲು ಸಿಕ್ಕಿದ್ದು ನಾಲ್ಕೇ ದಿನ. ಸೂರ್ಯ ಒಂದು ಸುತ್ತಿಗೆ ಸುಮಾರು 27 ದಿನ ತಗೊಳ್ಳೋದ್ರಿಂದ ಇಡೀ ತಿಂಗಳ ಸರಾಸರಿ ಜೊತೆ ಹೋಲಿಸೋ ಹಾಗಿಲ್ಲ. ಅದೇ ನಾಲ್ಕು ದಿನದ ಅಂಕಿ ತಗೊಂಡಿದೆ. ಆದ್ರೂ ಒಂದು ದಿನ ಅಂಟಿಕೊಂಡ ಹಾಗಿದ್ದ ಎಂಟು ಕಲೆ: ಒಂದೇ ಗುಂಪು ಅಂದ್ರೆ 18, ಎರಡು ಅಂದ್ರೆ 28. ಈ ಒಂದು ತೀರ್ಮಾನಕ್ಕೇ ತಿಂಗಳ ಕೆ ಅಲ್ಲಾಡಿಹೋಗುತ್ತೆ.

ದೀರ್ಘಕಾಲ ಎಣಿಸಿರೋರು ಹೇಳಿ: ಇಂಥ ತಿಂಗಳಿಗೆ ಆ ನಾಲ್ಕು ದಿನದ ಕೆ ಹಾಕೋದಾ, ಇಲ್ಲಾ ವರ್ಷದ ಕೆ ಹಾಕೋದಾ? ಕಾಂತಕ್ಷೇತ್ರದ ನಕ್ಷೆ ನೋಡದೆ ಗುಂಪು ಬೇರ್ಪಡಿಸೋಕೆ ನೀವು ಯಾವ ನಿಯಮ ಇಟ್ಕೊಂಡಿದ್ದೀರಿ?