ಬಹುಮಾನದ ಹೊಸ್ತಿಲಲ್ಲಿ ಎಲ್ಲ ಚಿಪ್ಸ್ ಪಣಕ್ಕಿಡುವುದು ಸರಿಯೇ?

ಪ್ರಶ್ನೆ: ನಡುರಾತ್ರಿಯ ಆಟಗಾರ

ನೋ-ಲಿಮಿಟ್ ಹೋಲ್ಡೆಮ್ (ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್) ಟೂರ್ನಮೆಂಟೊಂದರಲ್ಲಿ ನಾವು ನಾಲ್ವರು ಉಳಿದಿದ್ದೆವು. ಬಹುಮಾನ ಮೂವರಿಗೆ ಮಾತ್ರ: ಒಟ್ಟು ಮೊತ್ತವನ್ನು 100 ಎಂದಿಟ್ಟುಕೊಂಡರೆ ಮೊದಲನೆಯವರಿಗೆ 50, ಎರಡನೆಯವರಿಗೆ 30, ಮೂರನೆಯವರಿಗೆ 20. ನಾಲ್ವರ ಬಳಿಯೂ ಹತ್ತು ಬಿಗ್ ಬ್ಲೈಂಡ್‌ನಷ್ಟು ಚಿಪ್ಸ್ ಇದ್ದವು, ಆಂಟಿ (ಎಲ್ಲರೂ ಮೊದಲೇ ಇಡಬೇಕಾದ ಸಣ್ಣ ಪಣ) ಇರಲಿಲ್ಲ. ಬಿಗ್ ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲೇ ಒಬ್ಬರು ಕಡ್ಡಾಯವಾಗಿ ಇಡಬೇಕಾದ ಪಣ, ಸ್ಮಾಲ್ ಬ್ಲೈಂಡ್ ಅದರ ಅರ್ಧ. ನಾನು ಬಿಗ್ ಬ್ಲೈಂಡ್‌ನಲ್ಲಿದ್ದೆ. ಮೊದಲ ಇಬ್ಬರು ಫೋಲ್ಡ್ ಮಾಡಿದರು (ಎಲೆ ಬಿಟ್ಟರು), ಸ್ಮಾಲ್ ಬ್ಲೈಂಡ್‌ನಲ್ಲಿದ್ದವರು ಆಲ್-ಇನ್ ಹಾಕಿದರು (ತಮ್ಮೆಲ್ಲ ಚಿಪ್ಸ್ ಪಣಕ್ಕಿಟ್ಟರು). ನನ್ನ ಕೈಯಲ್ಲಿದ್ದದ್ದು ಎಕ್ಕ ಮತ್ತು ಗುಲಾಮ, ಒಂದೇ ಗುರುತಿನವಲ್ಲ. ನಾನು ಕಾಲ್ ಮಾಡಿದೆ, ಅಂದರೆ ಅಷ್ಟೇ ಚಿಪ್ಸ್ ಇಟ್ಟೆ. ಅವರು ತೋರಿಸಿದ್ದು ರಾಜ ಮತ್ತು ಒಂಬತ್ತು. ಮೇಜಿನ ಮೇಲೆ ಇನ್ನೊಂದು ಒಂಬತ್ತು ಬಿತ್ತು, ನಾನು ಬರಿಗೈಯಲ್ಲಿ ಎದ್ದೆ.

ಸೋತದ್ದಕ್ಕೆ ನನಗೆ ಬೇಸರವಿಲ್ಲ. ಎಲೆ ತೆರೆದಾಗ ನಾನೇ ಮುಂದಿದ್ದೆ ಎಂಬುದೂ ಗೊತ್ತು. ಆದರೂ ಅನುಭವಿಯೊಬ್ಬರು ಇದನ್ನು ಕೇಳಿ, ‘ಮುಂದಿದ್ದರೂ ಕಾಲ್ ಮಾಡಬಾರದಿತ್ತು’ ಎಂದರು. ಮುಂದಿರುವಾಗ ಹಣ ಹಾಕುವುದು ತಪ್ಪಾಗುವುದು ಹೇಗೆ? ದಯವಿಟ್ಟು ಲೆಕ್ಕದ ಸಮೇತ ತಿಳಿಸಿಕೊಡಬೇಕು.

ಉತ್ತರ 1: ಲೆಕ್ಕದ ಪುಸ್ತಕ

ನಿಮ್ಮ ಅನುಭವಿ ಮಿತ್ರರು ಹೇಳಿದ್ದರಲ್ಲಿ ಹುರುಳಿದೆ, ಆದರೆ ಅದು ಪೂರ್ತಿ ಉತ್ತರವಲ್ಲ.

ಮೊದಲು ಚಿಪ್ಸ್ ಲೆಕ್ಕ ನೋಡೋಣ. ನೀವು ಇನ್ನೂ 9 ಬ್ಲೈಂಡ್ ಹಾಕಿ ಒಟ್ಟು 20 ಬ್ಲೈಂಡ್‌ನ ಪಾಟ್‌ಗೆ (ಮೇಜಿನ ಮೇಲಿನ ಒಟ್ಟು ಪಣಕ್ಕೆ) ಪೈಪೋಟಿ ಮಾಡುತ್ತಿದ್ದೀರಿ. ಹಾಗಾಗಿ ನೂರರಲ್ಲಿ 45 ಬಾರಿ ಗೆದ್ದರೂ ಸಾಕು. ಕ್ಯಾಶ್ ಗೇಮ್‌ನಲ್ಲಿ ಇಲ್ಲಿಗೇ ಮಾತು ಮುಗಿಯುತ್ತಿತ್ತು, ಏಕೆಂದರೆ ಅಲ್ಲಿ ಚಿಪ್ಸ್ ಎಂದರೆ ಹಣವೇ. ಟೂರ್ನಮೆಂಟ್‌ನಲ್ಲಿ ಹಾಗಲ್ಲ. ಎಲ್ಲರ ಚಿಪ್ಸ್ ಬಾಚಿಕೊಂಡವರಿಗೂ ಸಿಗುವುದು 50 ಮಾತ್ರ. ಉಳಿದ 50 ಸೋತವರ ನಡುವೆ ಹಂಚಿಕೆಯಾಗುತ್ತದೆ. ಆದ್ದರಿಂದ ನೀವು ಗೆಲ್ಲುವ ಪ್ರತಿಯೊಂದು ಚಿಪ್‌ನ ಬೆಲೆ ನೀವು ಕಳೆದುಕೊಳ್ಳುವ ಚಿಪ್‌ನ ಬೆಲೆಗಿಂತ ಕಡಿಮೆ.

ಎಷ್ಟು ಕಡಿಮೆ ಎಂಬುದನ್ನು ಅಳೆಯಲು ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಎಂಬ ಲೆಕ್ಕವಿದೆ. ಕುದುರೆ ಪಂದ್ಯದ ಸ್ಥಾನಗಳ ಸಂಭವನೀಯತೆಗಾಗಿ ಡೇವಿಡ್ ಹಾರ್ವಿಲ್ 1973ರಲ್ಲಿ ಕೊಟ್ಟ ಸೂತ್ರವನ್ನೇ ಮೇಸನ್ ಮಾಲ್ಮತ್ 1987ರಲ್ಲಿ ಪೋಕರ್‌ಗಾಗಿ ಸ್ವತಂತ್ರವಾಗಿ ಮತ್ತೆ ಕಂಡುಕೊಂಡರು. ಮೊದಲ ಸ್ಥಾನ ಪಡೆಯುವ ಸಾಧ್ಯತೆ ನಿಮ್ಮ ಪಾಲಿನ ಚಿಪ್ಸ್‌ನಷ್ಟೇ. ಮೊದಲನೆಯವರನ್ನು ಬದಿಗಿಟ್ಟು ಉಳಿದವರ ನಡುವೆ ಅದೇ ರೀತಿ ಎರಡನೆಯ ಸ್ಥಾನ, ಆಮೇಲೆ ಮೂರನೆಯದು.

ನಿಮ್ಮ ಕೈಗೆ ಇದನ್ನು ಅನ್ವಯಿಸಿದೆ. ನೀವು ಫೋಲ್ಡ್ ಮಾಡಿದ್ದರೆ 9 ಬ್ಲೈಂಡ್ ಉಳಿಯುತ್ತಿತ್ತು, ಅದರ ಬೆಲೆ 23.3. ಕಾಲ್ ಮಾಡಿ ಗೆದ್ದಿದ್ದರೆ 20 ಬ್ಲೈಂಡ್, ಅದರ ಬೆಲೆ 38.3. ಗಮನಿಸಿ, ಈ ಕೈಯ ಆರಂಭದಲ್ಲಿ ನಿಮ್ಮ ಹತ್ತು ಬ್ಲೈಂಡ್‌ನ ಬೆಲೆ 25 ಆಗಿತ್ತು; ಚಿಪ್ಸ್ ಇಮ್ಮಡಿಯಾದರೂ ಬೆಲೆ 50 ಆಗಲಿಲ್ಲ. ಸೋತರೆ ಸೊನ್ನೆ. 23.3ನ್ನು 38.3ರಿಂದ ಭಾಗಿಸಿದರೆ ನಿಮಗೆ ಬೇಕಾದ ಗೆಲುವಿನ ಪ್ರಮಾಣ ಶೇ. 61. ಚಿಪ್ಸ್ ಲೆಕ್ಕದ 45ಕ್ಕೂ ಹಣದ ಲೆಕ್ಕದ 61ಕ್ಕೂ ಇರುವ ಈ 16ರ ಅಂತರವೇ ನೀವು ಕೇಳಿದ ಪ್ರಶ್ನೆಗೆ ಉತ್ತರ. ರಾಜ-ಒಂಬತ್ತರ ಎದುರು ನೀವು ಗೆಲ್ಲುವುದು ನೂರಕ್ಕೆ 60ರ ಆಸುಪಾಸಿನಲ್ಲಿ. ಅಂದರೆ ಎದುರಾಳಿಯ ಎಲೆಗಳನ್ನು ಕಣ್ಣಾರೆ ಕಂಡಿದ್ದರೂ ನಿಮ್ಮ ಕಾಲ್ ಲಾಭ-ನಷ್ಟದ ಗೆರೆಯ ಮೇಲೆಯೇ ನಿಂತಿರುತ್ತಿತ್ತು.

ಆದರೆ ನಿರ್ಧರಿಸಬೇಕಾದದ್ದು ಒಂದು ಕೈಯನ್ನು ನೋಡಿ ಅಲ್ಲ, ಅವರು ಎಂತೆಂಥ ಎಲೆಗಳಲ್ಲಿ ಹೀಗೆ ತಳ್ಳುತ್ತಾರೆ (ಆಲ್-ಇನ್ ಹಾಕುತ್ತಾರೆ) ಎಂಬುದನ್ನು ನೋಡಿ. ಯಾವ ಎರಡು ಎಲೆ ಬಂದರೂ ತಳ್ಳುವವರ ಎದುರು ಎಕ್ಕ-ಗುಲಾಮ ಸುಮಾರು 63ರಿಂದ 64 ಬಾರಿ ಗೆಲ್ಲುತ್ತದೆ. ಆಗ ಕಾಲ್ ಸರಿ. ಅವರು ಕೆಟ್ಟ ಅರ್ಧದಷ್ಟು ಎಲೆಗಳನ್ನು ಬಿಡುವವರಾಗಿದ್ದರೆ ನಿಮ್ಮ ಪ್ರಮಾಣ 61ಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಫೋಲ್ಡ್ ಸರಿ.

ಉತ್ತರ 2: ಮೊದಲು ತಳ್ಳುವವ

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದನ್ನು ಓದಿದ ಹೊಸಬರಲ್ಲಿ ಬಹಳಷ್ಟು ಜನ, ಬಬಲ್‌ನಲ್ಲಿ (ಒಬ್ಬರು ಹೊರಬಿದ್ದರೆ ಉಳಿದವರಿಗೆಲ್ಲ ಬಹುಮಾನ ಎಂಬ ಹಂತದಲ್ಲಿ) ಮುದುಡಿ ಕೂರಬೇಕು ಎಂಬ ತೀರ್ಮಾನಕ್ಕೆ ಬರುತ್ತಾರೆ ಎಂಬುದು ನನ್ನ ದೊಡ್ಡ ಚಿಂತೆ. ಆ 16ರ ಭಾರ ಬೀಳುವುದು ಕಾಲ್ ಮಾಡುವವರ ಮೇಲೆ. ಮೊದಲು ತಳ್ಳಿದವರಿಗೆ ಅದೇ ಭಾರ ಆಯುಧವಾಗುತ್ತದೆ.

ಇದೇ ಕೈಯನ್ನು ಸ್ಮಾಲ್ ಬ್ಲೈಂಡ್‌ನ ಕುರ್ಚಿಯಿಂದ ನೋಡಿ. ನೀವು ಕಾಲ್ ಮಾಡಿದಾಗ ಅವರು ನೂರಕ್ಕೆ 35 ಬಾರಿಯಷ್ಟೇ ಗೆಲ್ಲುತ್ತಾರೆ ಎಂದುಕೊಂಡರೂ, ನೀವು ನೂರಕ್ಕೆ 82 ಬಾರಿ ಫೋಲ್ಡ್ ಮಾಡಿದರೆ ಅವರಿಗೆ ನಷ್ಟವಿಲ್ಲ. ಈಗ ನೀವು ಆರರ ಜೋಡಿಯಿಂದ ಮೇಲಿನ ಎಲ್ಲ ಜೋಡಿಗಳಲ್ಲಿಯೂ, ಎಕ್ಕ-ಗುಲಾಮದಿಂದ ಮೇಲಿನ ಎಲ್ಲ ಎಕ್ಕಗಳಲ್ಲಿಯೂ ಕಾಲ್ ಮಾಡುತ್ತೀರಿ ಎಂದಿಟ್ಟುಕೊಳ್ಳೋಣ. ಎರಡು ಎಲೆಗಳ ಒಟ್ಟು 1326 ಜೋಡಣೆಗಳಲ್ಲಿ ಅವು 102 ಮಾತ್ರ, ಶೇ. 8ಕ್ಕಿಂತಲೂ ಕಡಿಮೆ. ಅಂಥವರ ಎದುರು ಎಲೆ ನೋಡದೆ ತಳ್ಳಿದರೂ ಲಾಭವೇ! ಆದ್ದರಿಂದ ರಾಜ-ಒಂಬತ್ತರಲ್ಲಿ ತಳ್ಳಿದ ಅವರದು ಉಡಾಫೆಯಲ್ಲ, ಸರಿಯಾದ ಆಟ.

ಕಾಲ್ ಮಾಡುವ ಕೈಗಳನ್ನು ಬಿಗಿಮಾಡಿ, ಮೊದಲು ತಳ್ಳುವ ಕೈಗಳನ್ನು ಸಡಿಲಿಸಿ. ಆದರೆ ಹಿಂದೆ ಕುಳಿತವರು ಲೆಕ್ಕ ತಿಳಿಯದೆ ಏನು ಬಂದರೂ ಕಾಲ್ ಮಾಡುವವರಾಗಿದ್ದರೆ ಈ ಸಲಹೆಯನ್ನು ಪಾಲಿಸಬೇಡಿ. ಅವರು ತಪ್ಪು ಮಾಡಿದರೂ ಅದರ ಬೆಲೆ ತೆರುವವರಲ್ಲಿ ನೀವೂ ಒಬ್ಬರಾಗುತ್ತೀರಿ.

ಉತ್ತರ 3: ಕೊನೆಯ ಮೇಜು

ಇಬ್ಬರೂ ಬಿಟ್ಟ ಒಂದು ಅಂಶವನ್ನು ಸೇರಿಸುತ್ತೇನೆ. 61 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಬಾರದು, ಏಕೆಂದರೆ ಎದುರಾಳಿಯ ಬಳಿ ಎಷ್ಟು ಚಿಪ್ಸ್ ಇವೆ ಎಂಬುದರ ಮೇಲೆ ಅದು ಪೂರ್ತಿ ಬದಲಾಗುತ್ತದೆ. ಅದೇ ಬಹುಮಾನ, ಅದೇ ನಾಲ್ವರು. ಆದರೆ ಸ್ಮಾಲ್ ಬ್ಲೈಂಡ್‌ನವರ ಬಳಿ 4 ಬ್ಲೈಂಡ್, ನಿಮ್ಮನ್ನೂ ಸೇರಿಸಿ ಉಳಿದ ಮೂವರ ಬಳಿ ಹನ್ನೆರಡು ಬ್ಲೈಂಡ್ ಎನ್ನಿ. ಅವರು ತಳ್ಳಿದಾಗ ಚಿಪ್ಸ್ ಲೆಕ್ಕದಲ್ಲಿ ನಿಮಗೆ ಬೇಕಾದದ್ದು ಶೇ. 37.5, ಹಣದ ಲೆಕ್ಕದಲ್ಲಿ ಶೇ. 41. ಅಂತರ ಬರಿಯ ಮೂರೂವರೆ! ಸೋತರೂ ನಿಮ್ಮಲ್ಲಿ 8 ಬ್ಲೈಂಡ್ ಉಳಿದು ಆಟ ಮುಂದುವರಿಯುತ್ತದೆ, ಗೆದ್ದರೆ ಎಲ್ಲರೂ ಬಹುಮಾನದೊಳಗೆ. ಅಲ್ಲಿ ಎಕ್ಕ-ಗುಲಾಮವನ್ನು ಬಿಡುವುದು ದೊಡ್ಡ ತಪ್ಪು.

ಇದರ ಎದುರು ತುದಿ ಸ್ಯಾಟಲೈಟ್, ಅಂದರೆ ದೊಡ್ಡ ಟೂರ್ನಮೆಂಟಿನ ಟಿಕೆಟ್ಟನ್ನೇ ಬಹುಮಾನವಾಗಿ ಕೊಡುವ ಟೂರ್ನಮೆಂಟ್. ನಾಲ್ವರಲ್ಲಿ ಮೂವರಿಗೆ ಒಂದೇ ಬೆಲೆಯ ಟಿಕೆಟ್ ಇದ್ದು ಚಿಪ್ಸ್ ಸಮವಾಗಿದ್ದರೆ, ಬ್ಲೈಂಡ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಲ್ಲಿ, ಕಾಲ್‌ಗೆ ಶೇ. 75 ಬೇಕು. ಏನು ಬಂದರೂ ತಳ್ಳುವವರ ಎದುರು ಕೂಡ ಎಕ್ಕ-ರಾಜ ಅಷ್ಟು ಗೆಲ್ಲುವುದಿಲ್ಲ. ಇಬ್ಬರೇ ಉಳಿದಾಗಲಾದರೋ ಈ ಅಂತರವೆಲ್ಲ ಅಳಿಸಿಹೋಗಿ ಚಿಪ್ಸ್ ಮತ್ತೆ ಹಣದಂತೆಯೇ ನಡೆದುಕೊಳ್ಳುತ್ತವೆ.

ಐಸಿಎಂಗೆ ಕಾಣದ ಸಂಗತಿಗಳೂ ಇವೆ. ಮುಂದಿನ ಸುತ್ತಿನಲ್ಲಿ ಬ್ಲೈಂಡ್ ಏರುತ್ತದೆಯೇ, ನೀವು ಯಾವ ಕುರ್ಚಿಯಲ್ಲಿದ್ದೀರಿ, ಉಳಿದವರಿಗಿಂತ ಚೆನ್ನಾಗಿ ಆಡಬಲ್ಲಿರಾ ಎಂಬುದು ಅದಕ್ಕೆ ತಿಳಿಯದು. ಮೂರು ಬ್ಲೈಂಡ್‌ಗೆ ಇಳಿದವರು ತಳ್ಳಿದರೆ ಯಾರೂ ಹೆದರುವುದಿಲ್ಲ. ಅಷ್ಟು ಕೆಳಗಿಳಿಯುವ ಮೊದಲೇ ಪಣಕ್ಕಿಡಬೇಕು.

ನಡುರಾತ್ರಿಯ ಆಟಗಾರ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಾನು ‘ಯಾರು ಮುಂದಿದ್ದಾರೆ’ ಎಂದಷ್ಟೇ ಯೋಚಿಸುತ್ತಿದ್ದೆ, ‘ಎಷ್ಟು ಮುಂದಿರಬೇಕು’ ಎಂದು ಕೇಳಿಕೊಂಡೇ ಇರಲಿಲ್ಲ. ಈಗ ನೆನಪಿಗೆ ಬರುತ್ತಿದೆ: ಅದಕ್ಕೂ ಹಿಂದಿನ ಎರಡು ಸುತ್ತುಗಳಲ್ಲಿ ಅವರು ನನ್ನೆದುರು ಸ್ಮಾಲ್ ಬ್ಲೈಂಡ್‌ನಿಂದ ಸುಮ್ಮನೆ ಫೋಲ್ಡ್ ಮಾಡಿದ್ದರು. ಹಾಗಾದರೆ ಅವರು ಏನು ಬಂದರೂ ತಳ್ಳುವವರಲ್ಲ, ನಾನು ಬಿಡಬೇಕಿತ್ತು ಎಂದಾಯಿತಲ್ಲವೇ?

ಲೆಕ್ಕದ ಪುಸ್ತಕ

ಹೌದು, ಆ ಮಾಹಿತಿ ಇದ್ದ ಮೇಲೆ ನಾನು ಬಿಡುತ್ತಿದ್ದೆ. ಎರಡೇ ಸುತ್ತು ತೀರಾ ಸಣ್ಣ ಸಾಕ್ಷಿ ನಿಜ. ಆದರೆ ಕಾಲ್ ಸರಿಯಾಗಬೇಕಾದರೆ ಅವರು ಹೆಚ್ಚುಕಡಿಮೆ ಎಲ್ಲ ಎಲೆಗಳಲ್ಲಿಯೂ ತಳ್ಳುವವರಾಗಿರಬೇಕಿತ್ತು. ಅದು ಹಾಗಿಲ್ಲ ಎಂದು ತೋರಿಸಲು ಆ ಎರಡು ಫೋಲ್ಡ್‌ಗಳು ಸಾಕು.