ಭಾವಾ, ಆಧಾರ್‌ನ ವಿಳಾಸ ಬದಲಿಸುವುದು ಬೇಡ

ಭಾವಾ, ಅಕ್ಕ, ಪುಟ್ಟಿ, ಮೂವರೂ ಕೇಳಿ. ಟೈಪ್ ಮಾಡ್ಲಿಕ್ಕೆ ಕೂತರೆ ಇವತ್ತಿಗೆ ಮುಗಿಯುವುದಿಲ್ಲ, ಹಾಗಾಗಿ ವಾಯ್ಸೇ ಹಾಕ್ತಾ ಇದ್ದೇನೆ. ಉದ್ದ ಆಗ್ತದೆ. ಪುರುಸೊತ್ತು ಇಲ್ಲದವರು ಒಂದೂವರೆ ಸ್ಪೀಡಿನಲ್ಲಿ ಕೇಳಿ, ನನ್ನ ಸ್ವರ ಹೇಗೂ ಮೊದಲೇ ಜೋರು.

ಗ್ರೂಪಿನ ಉಳಿದವರಿಗೆ ವಿಷಯ ಎಂತ ಅಂದರೆ, ಪುಟ್ಟಿಗೆ ಜರ್ಮನಿಯ ಹೊಹೆನ್‌ಹೈಮ್ ಯೂನಿವರ್ಸಿಟಿಯಲ್ಲಿ ಕ್ರಾಪ್ ಸೈನ್ಸಸ್ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ನಿನ್ನೆ ರಾತ್ರಿ ಭಾವ ಬರೆದದ್ದು ಇಷ್ಟು: ಮಂಗಳೂರಿನ ಒಬ್ಬ ಏಜೆಂಟ್ ವೀಸಾ ಮಾಡಿಸಿ ಕೊಡ್ಲಿಕ್ಕೆ ಒಂದೂವರೆ ಲಕ್ಷ ಕೇಳ್ತಾನೆ. ಕಾಸರಗೋಡಿನ ವಿಳಾಸ ಆದರೆ ತಡ ಆಗ್ತದೆ, ಆಧಾರ್‌ನಲ್ಲಿ ಮಂಗಳೂರಿನ ವಿಳಾಸ ಮಾಡಿಸಿ ಅಂತಾನೆ. ಖಾತೆಯಲ್ಲಿ ದುಡ್ಡು ಸಾಲದಿದ್ದರೆ ಒಂದು ತಿಂಗಳಿನ ಮಟ್ಟಿಗೆ ಅವನೇ ಹಾಕಿಸಿ ಕೊಡ್ತಾನಂತೆ. ಅವನಿಗೆ ಕೊಡುವುದಾ ಬೇಡವಾ ಅಂತ ಕೇಳಿದ್ದೀರಿ.

ಬೇಡ ಭಾವಾ. ಅವನು ಹೇಳಿದ ಎರಡು ಮಾತೂ ಸರಿ ಇಲ್ಲ, ಅದಕ್ಕೇ ಬೇಡ ಅಂತ ಹೇಳುವುದು.

ವಿಳಾಸದ್ದು ಮೊದಲು. ಬೆಂಗಳೂರಿನಲ್ಲಿರುವ ಜರ್ಮನ್ ಕಾನ್ಸುಲೇಟಿಗೆ ಕರ್ನಾಟಕವೂ ಸೇರಿದೆ, ಕೇರಳವೂ ಸೇರಿದೆ. ನೀವು ಕೇರಳದ ಪೆರ್ಲದಲ್ಲಿದ್ದರೂ ಕರ್ನಾಟಕದ ಪುತ್ತೂರಿನಲ್ಲಿದ್ದರೂ ಪುಟ್ಟಿಯ ಫೈಲು ಹೋಗುವುದು ಅದೇ ಆಫೀಸಿಗೆ. ತಲಪಾಡಿ ಗೇಟು ದಾಟಿ ಕರ್ನಾಟಕಕ್ಕೆ ಹೋದರೆ ಕೆಲಸ ಬೇಗ ಆಗ್ತದೆ ಅಂತ ನಮ್ಮವರಿಗೆ ಒಂದು ನಂಬಿಕೆ ಉಂಟು, ಆಸ್ಪತ್ರೆಗೆ ಕಾಲೇಜಿಗೆ ಅದು ಸರಿಯೇ. ಇದಕ್ಕೆ ಅಲ್ಲ. ಪಾಸ್‌ಪೋರ್ಟಿನಲ್ಲಿ ಒಂದು ವಿಳಾಸ, ಹೊಸದಾಗಿ ತಿದ್ದಿಸಿದ ಆಧಾರ್‌ನಲ್ಲಿ ಇನ್ನೊಂದು, ಅಪ್ಪನ ಪಾಸ್‌ಬುಕ್ಕಿನಲ್ಲಿ ಮತ್ತೆ ಹಳೆಯದೇ, ಹೀಗೆ ಇಟ್ಟರೆ ನೋಡುವವನಿಗೆ ಇಲ್ಲದ ಸಂಶಯ ಹುಟ್ಟಿಸಿದ ಹಾಗೆ ಆಗ್ತದೆ. ವಾಸ ಮಾಡದ ಜಾಗದ ವಿಳಾಸ ಕೊಡುವುದು ಸುಳ್ಳು ಕೂಡ. ಮನೆ ವಿಳಾಸ ಎಂತದ್ದುಂಟೋ ಅದೇ ಇರಲಿ.

ಇನ್ನು ದುಡ್ಡು ಹಾಕಿಸಿ ಕೊಡುವ ಮಾತು. ಬ್ಯಾಂಕಿನಲ್ಲಿ ಸಾಲದ ಸೆಕ್ಷನ್ನಿನಲ್ಲಿ ಕೂತು ಇಂಥ ಫೈಲು ನಾನು ಬೇಕಾದಷ್ಟು ನೋಡಿದ್ದೇನೆ. ಅವನು ಹೇಳುವುದು ಜರ್ಮನಿಯ ಲೆಕ್ಕವೇ ಅಲ್ಲ. ಇಂಗ್ಲೆಂಡಿಗೆ ಹೋಗುವವರು ದುಡ್ಡು 28 ದಿನ ಬಿಡದೆ ಖಾತೆಯಲ್ಲಿ ಇತ್ತು ಅಂತ ತೋರಿಸಬೇಕು, ಅದನ್ನು ಎಲ್ಲಿಯೋ ಕೇಳಿ ಇಲ್ಲಿ ಹೇಳಿದ್ದಾನೆ. ಅಲ್ಲಿಗೂ ಕೂಡ ಬೇರೆಯವರ ದುಡ್ಡು ತಂದಿಟ್ಟು ತೋರಿಸುವುದು ಮೋಸವೇ. ಜರ್ಮನಿಗೆ ತೋರಿಸುವ ದುಡ್ಡು ಅಂತಲೇ ಇಲ್ಲ, ನಿಜವಾಗಿ ಕಳಿಸಬೇಕು. ಬ್ಲಾಕ್ಡ್ ಅಕೌಂಟ್ ಅಂತ ಪುಟ್ಟಿಯ ಹೆಸರಿನಲ್ಲೇ ಅಲ್ಲಿ ಒಂದು ಖಾತೆ ಮಾಡಿ, ಒಂದು ವರ್ಷದ ಖರ್ಚಿನ ದುಡ್ಡು ಮೊದಲೇ ತುಂಬಿಸಿಡುವುದು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಆಗಾಗ ಏರಿಸ್ತಾರೆ, ಹಾಗಾಗಿ ಕಟ್ಟುವ ದಿನ ಕಾನ್ಸುಲೇಟಿನ ವೆಬ್‌ಸೈಟ್ ನೋಡಿಯೇ ಕಟ್ಟಿ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೆ 12 ಲಕ್ಷದ ಹತ್ತಿರ ಆಯ್ತು. ಅಕ್ಕ ಹೆದರಬೇಡ, ಇದು ಫೀಸ್ ಅಲ್ಲ. ಅವಳು ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಹಾಗೆ ಅವಳ ಕೈಗೇ ಬರ್ತದೆ, ಬಾಡಿಗೆಗೆ, ಊಟಕ್ಕೆ. ವೀಸಾ ಸಿಗದಿದ್ದರೆ ದುಡ್ಡು ವಾಪಸು ಬರ್ತದೆ.

ಜರ್ಮನಿಯಲ್ಲಿ ಓದು ಪೂರ್ತಿ ಫ್ರೀ ಅಂತ ಆ ಏಜೆಂಟ್ ಹೇಳಿದ್ದು ಕೂಡ ಅರ್ಧ ಸತ್ಯ. ಹೆಚ್ಚಿನ ಸರಕಾರಿ ಯೂನಿವರ್ಸಿಟಿಗಳಲ್ಲಿ ಫೀಸ್ ಇಲ್ಲ, ಹೌದು. ಆದರೆ ಹೊಹೆನ್‌ಹೈಮ್ ಇರುವುದು ಸ್ಟುಟ್‌ಗಾರ್ಟಿನಲ್ಲಿ, ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ. ಆ ರಾಜ್ಯ 2017ರಿಂದ ನಮ್ಮಂಥ ಹೊರಗಿನ ದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಇಟ್ಟಿದೆ. ವರ್ಷಕ್ಕೆ 3,000 ಆಯ್ತು, ಬ್ಲಾಕ್ಡ್ ಅಕೌಂಟಿನ ಹೊರಗೆ. ಅಂದರೆ ಮೊದಲ ವರ್ಷಕ್ಕೆ ಟಿಕೆಟು ಬಿಟ್ಟು 15 ಲಕ್ಷ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ಪಾರ್ಟ್ ಟೈಮ್ ಮಾಡಿ ಎಲ್ಲ ತುಂಬಿಸಬಹುದು ಅಂತ ಯಾರಾದರೂ ಹೇಳಿದರೆ ಮೊದಲ ವರ್ಷಕ್ಕೆ ನಂಬಬೇಡಿ. ಕೆಲಸಕ್ಕೆ ಅನುಮತಿ ಉಂಟು, ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಭಾಷೆ ಬಾರದೆ, ಊರು ಗೊತ್ತಿಲ್ಲದೆ ಹೋದವಳಿಗೆ ಕೆಲಸ ಸಿಗುವಾಗ ಎಷ್ಟು ಸಮಯ ಆಗ್ತದೋ ಏನೋ.

ತಡೆಯಿರಿ, ಗೇಟಿನಲ್ಲಿ ಮೀನಿನವ ಹಾರ್ನ್ ಹೊಡೀತಾ ಇದ್ದಾನೆ.

ಹಾಂ, ಬಂದೆ. ಬಂಗುಡೆಗೆ ಇವತ್ತು ಕೈ ಹಾಕುವ ಹಾಗಿಲ್ಲ. ಎಲ್ಲಿದ್ದೆ? ದುಡ್ಡು.

ಭಾವಾ, ನೀವು ಅಡಿಕೆ ಮಾರಿದ ದುಡ್ಡು, ಎಫ್‌ಡಿ ಎಲ್ಲ ಸೇರಿಸಿ ಕಳಿಸ್ತೇನೆ ಅಂತೀರಿ. ಮಾಡಬಹುದು. ಆದರೆ ಒಂದು ಆರ್ಥಿಕ ವರ್ಷದಲ್ಲಿ ಒಬ್ಬರ ಪ್ಯಾನ್‌ನಿಂದ ಹೊರದೇಶಕ್ಕೆ ಹೋದ ದುಡ್ಡು 10 ಲಕ್ಷ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕಿನವರು ಟಿಸಿಎಸ್ ಅಂತ ತೆರಿಗೆ ಹಿಡೀತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ನೀವು ರಿಟರ್ನ್ಸ್ ಫೈಲ್ ಮಾಡುವವರಲ್ಲ, ನನಗೆ ಗೊತ್ತುಂಟು. ಈ ವರ್ಷ ಮಾಡಲೇಬೇಕು, ಮಾಡಿದರೆ ಹಿಡಿದದ್ದು ವಾಪಸು ಬರ್ತದೆ, ಮಾಡದಿದ್ದರೆ ಹೋಯ್ತು. ಅದರ ಬದಲು ಬ್ಯಾಂಕಿನ ಎಜುಕೇಶನ್ ಲೋನಿನಿಂದ ಕಳಿಸಿದರೆ ಟಿಸಿಎಸ್ಸೇ ಇಲ್ಲ.

ನನ್ನನ್ನು ಕೇಳಿದರೆ ಲೋನೇ ತೆಗೆಯಿರಿ, ಕೈಯಲ್ಲಿ ದುಡ್ಡು ಇದ್ದರೂ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಜೋರು ಬಂದರೆ ನಿಮ್ಮ ಕೈಯಲ್ಲಿ ಏನಾದರೂ ಬೇಕಲ್ಲ? ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸರಕಾರಿ ಬ್ಯಾಂಕಿನವರು ಸಾಮಾನ್ಯವಾಗಿ ಜಾಗ ಅಡವು ಕೇಳ್ತಾರೆ. ಅದಕ್ಕೆ ಮಂಗಳೂರಿನ ಬ್ರಾಂಚಿಗೆ ಓಡಬೇಡಿ. ನಮ್ಮ ಜಾಗದ ಕಾಗದ ಎಲ್ಲ ಮಲಯಾಳದಲ್ಲಿ, ಜಾಗ ನಮ್ಮ ಕೈಯಲ್ಲೇ ಉಂಟು ಅನ್ನುವ ಪೊಸೆಷನ್ ಸರ್ಟಿಫಿಕೇಟ್ ಕೊಡುವುದು ಇಲ್ಲಿನ ವಿಲ್ಲೇಜ್ ಆಫೀಸ್, ಅದನ್ನು ನೋಡಿ ಅಭ್ಯಾಸ ಇರುವುದು ಕಾಸರಗೋಡಿನ ಬ್ರಾಂಚಿನವರಿಗೆ, ಅವರ ವಕೀಲರಿಗೆ. ಮಂಗಳೂರಿನಲ್ಲಿ ಕೊಟ್ಟರೆ ಅನುವಾದ ಮಾಡಿಸಿ ತನ್ನಿ, ಅಭಿಪ್ರಾಯ ತನ್ನಿ ಅಂತ ತಿಂಗಳು ಹೋಗ್ತದೆ. ಈ ವರ್ಷದ ಭೂತೆರಿಗೆ ಕಟ್ಟಿದ ರಶೀದಿ ಉಂಟಾ ನೋಡಿ. ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋಗೆ ಅಡಿಕೆ ಹಾಕಿದ ಬಿಲ್ಲುಗಳನ್ನು ಬಿಸಾಡಬೇಡಿ, ಆದಾಯ ಎಲ್ಲಿಂದ ಅಂತ ಕೇಳಿದರೆ ಅದರಷ್ಟು ಚಂದದ ಉತ್ತರ ಇಲ್ಲ.

ಎಪಿಎಸ್ ಸರ್ಟಿಫಿಕೇಟ್ ಪುಟ್ಟಿ ಯೂನಿವರ್ಸಿಟಿಗೆ ಅರ್ಜಿ ಹಾಕುವಾಗಲೇ ಮಾಡಿಸಿದ್ದಾಳೆ, ಅದೊಂದು ದೊಡ್ಡ ತಲೆಬಿಸಿ ಮುಗಿಯಿತು. ಅಕ್ಕನಿಗೆ ಅದು ಎಂತದ್ದು ಅಂತ ಗೊತ್ತಿಲ್ಲದಿದ್ದರೆ: ನಮ್ಮ ಡಿಗ್ರಿ ಅಸಲಿಯಾ ಅಂತ ದೆಹಲಿಯಲ್ಲಿ ಜರ್ಮನಿಯವರದ್ದೇ ಒಂದು ಆಫೀಸ್ ನೋಡ್ತದೆ, 18,000 ರೂಪಾಯಿ, 2022ರ ನವೆಂಬರಿನಿಂದ ಕಡ್ಡಾಯ. ವೀಸಾದ ಫೀಸ್ 75 ಯೂರೋ. ಇದನ್ನೂ ಅದನ್ನೂ ಕೂಡಿಸಿ ನೋಡಿ, ಒಂದೂವರೆ ಲಕ್ಷ ಯಾವ ಕೆಲಸಕ್ಕೆ ಅಂತ ಅವನನ್ನೇ ಕೇಳಿ.

ಇನ್ನೊಂದು, ಹೆಸರು. ಇದರಲ್ಲಿ ನಮ್ಮ ಕಡೆಯವರದ್ದು ಯಾವಾಗಲೂ ಗೋಜಲು. ಪುಟ್ಟಿಯ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರು, ಹಿಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲನ್ನು ಬಿಡಿಸಿ ಅಪ್ಪನ ಹೆಸರು ಬರೆದಿದ್ದಾರೆ. ಕಾಲೇಜಿನ ಮಾರ್ಕ್ಸ್‌ಕಾರ್ಡಿನಲ್ಲಿ ಒಂದು ಅಕ್ಷರ ಹೆಚ್ಚು. ನಮಗೆ ನೋಡಿದರೆ ಗೊತ್ತಾಗ್ತದೆ ಒಬ್ಬಳೇ ಅಂತ, ಜರ್ಮನಿಯವನಿಗೆ ಮೂರು ಜನ. ಸರಕಾರಿ ಅರ್ಜಿಗಳನ್ನು ಹಾಕುವ ಅಕ್ಷಯ ಕೇಂದ್ರಕ್ಕೆ ಹೋಗಿ ‘ಒನ್ ಆ್ಯಂಡ್ ದ ಸೇಮ್’ ಸರ್ಟಿಫಿಕೇಟಿಗೆ ಅರ್ಜಿ ಕೊಡಿ, ಈ ಹೆಸರುಗಳೆಲ್ಲ ಒಬ್ಬರದ್ದೇ ಅಂತ ವಿಲ್ಲೇಜ್ ಆಫೀಸಿನಿಂದ ಬರೆದು ಕೊಡ್ತಾರೆ. ಅರ್ಜಿಯಲ್ಲಿ, ಬ್ಲಾಕ್ಡ್ ಅಕೌಂಟಿನಲ್ಲಿ, ಇನ್ಶೂರೆನ್ಸಿನಲ್ಲಿ, ವಿಮಾನದ ಟಿಕೆಟಿನಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ, ಒಂದು ಅಕ್ಷರ ಆಚೀಚೆ ಇಲ್ಲದೆ.

ಇನ್ನು ಪುಟ್ಟಿ, ನಿನಗೆ. ನೀನು ಕಳಿಸಿದ ಮೋಟಿವೇಶನ್ ಲೆಟರ್, ಅಲ್ಲಿ ಯಾಕೆ ಓದಬೇಕು ಅಂತ ವೀಸಾದವರಿಗೆ ಬರೆಯುವ ಕಾಗದ, ಓದಿದೆ. ಅದು ನೀನು ಬರೆದದ್ದಲ್ಲ, ಏಜೆಂಟನ ಆಫೀಸಿನಲ್ಲಿ ಕೊಟ್ಟದ್ದು, ಅಲ್ವಾ? ಜರ್ಮನಿ ತಂತ್ರಜ್ಞಾನದ ನಾಡು, ವಿಶ್ವದರ್ಜೆಯ ಶಿಕ್ಷಣ, ನನ್ನ ಕನಸು... ಹೆಸರು ತೆಗೆದರೆ ಅದನ್ನು ಮೆಕ್ಯಾನಿಕಲ್ ಓದುವ ಹುಡುಗನೂ ಕೊಡಬಹುದು. ಅಂಥದ್ದನ್ನು ವೀಸಾ ಆಫೀಸರು ದಿನಕ್ಕೆ ಎಷ್ಟು ಓದ್ತಾರೋ. ಎರಡನೇ ಪ್ಯಾರಾದಲ್ಲಿ ಕಾಲೇಜಿನ ಹೆಸರು ಬೇರೆ ತಪ್ಪು, ನೋಡಿದಿಯಾ?

ನಿನ್ನ ಹತ್ತಿರ ಬರೀಲಿಕ್ಕೆ ಎಷ್ಟು ಉಂಟು! ಜೂನ್ ತಿಂಗಳಲ್ಲಿ ಅಡಿಕೆಗೆ ಬೋರ್ಡೋ ಮದ್ದು ಬಿಡುವುದನ್ನು ನೋಡಿಯೇ ನೀನು ಬೆಳೆದದ್ದು. ಮಳೆ ಬಿಡದಿದ್ದರೆ ಎರಡನೇ ಸಲದ ಮದ್ದು ತಪ್ಪಿ ಹೋಗುವುದು, ಮರ ಹತ್ತುವ ಜನ ಸಿಗದೆ ಅಪ್ಪ ಪರದಾಡುವುದು, ಆಮೇಲೆ ಬುಡದಲ್ಲಿ ರಾಶಿ ಎಳೆ ಅಡಿಕೆ ಉದುರುವುದು. ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲಿ ಅದೇ ಕೊಳೆರೋಗ ತರುವ ರೋಗಾಣು ಫೈಟೋಫ್ತೊರಾವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಗೆ ಹೋಗಿ ಪ್ರಾಜೆಕ್ಟ್ ಮಾಡಿದೆ. ಇದನ್ನು ಬರಿ. ಹೊಹೆನ್‌ಹೈಮಿನ ಸಿಲೆಬಸ್ ತೆಗೆದು ಸಸ್ಯರೋಗದ ಯಾವ ಪೇಪರ್ ನಿನಗೆ ಬೇಕು, ಅದು ಇಲ್ಲಿ ಯಾಕೆ ಸಿಗುವುದಿಲ್ಲ, ಹೆಸರು ಹಿಡಿದು ಬರಿ. ಓದಿ ಆದ ಮೇಲೆ ಎಂತ ಮಾಡ್ತಿ ಅಂತಲೂ ಬರಿ. ವಾಪಸು ಬಂದೇ ಬರ್ತೇನೆ ಅಂತ ಆಣೆ ಹಾಕಬೇಕಾಗಿಲ್ಲ, ಕಲಿತು ಮುಗಿಸಿದವರಿಗೆ ಕೆಲಸ ಹುಡುಕ್ಲಿಕ್ಕೆ ಅವರೇ 18 ತಿಂಗಳು ಕೊಡ್ತಾರೆ.

ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಮನೆಯಲ್ಲಿ ಇದ್ದದ್ದನ್ನು ಆ ಲೆಟರಿನಲ್ಲಿ ಮುಚ್ಚಿಟ್ಟಿದ್ದಾರೆ. ಯಾಕೆ ಮುಚ್ಚುವುದು? ಅಪ್ಪನ ಮೊಣಗಂಟಿನ ಆಪರೇಶನ್ ಆಗಿತ್ತು, ತೋಟದ ಲೆಕ್ಕ, ಆಳುಗಳ ಸಂಬಳ, ಮದ್ದು, ಗೊಬ್ಬರ ಎಲ್ಲ ನೀನೇ ನೋಡಿಕೊಂಡದ್ದು. ಕ್ರಾಪ್ ಸೈನ್ಸಸ್ ಓದುವವಳಿಗೆ ಅದಕ್ಕಿಂತ ಒಳ್ಳೆಯ ಅನುಭವ ಯಾವುದು? ಎರಡು ಸಾಲಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳು. ಖಾಲಿ ಬಿಟ್ಟ ವರ್ಷಕ್ಕೆ ಅವರು ಅವರಿಗೆ ತೋಚಿದ ಅರ್ಥ ಹಚ್ಚುತ್ತಾರೆ.

ಇಷ್ಟು ಜೋರಾಗಿ ಯಾಕೆ ಹೇಳ್ತೇನೆ ಅಂದರೆ, ಮೊದಲಾದರೆ ವೀಸಾ ಕೊಡುವುದಿಲ್ಲ ಅಂತ ಬಂದರೆ ರೆಮಾನ್‌ಸ್ಟ್ರೇಶನ್ ಅಂತ ಕಾನ್ಸುಲೇಟಿಗೇ ಒಂದು ಕಾಗದ ಬರೆದು ಪುನಃ ನೋಡಿ ಅಂತ ಕೇಳಬಹುದಿತ್ತು, ಖರ್ಚಿಲ್ಲದೆ. 2025ರ ಜುಲೈ 1ರಿಂದ ಅದನ್ನು ತೆಗೆದುಬಿಟ್ಟಿದ್ದಾರೆ. ಈಗ ಒಂದೋ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಬರ್ಲಿನ್ನಿನ ಕೋರ್ಟಿಗೆ ಹೋಗಬೇಕು. ಪೆರ್ಲದಿಂದ ಬರ್ಲಿನ್ನಿಗೆ ಕೇಸು ನಡೆಸ್ಲಿಕ್ಕೆ ಯಾರು ಹೋಗ್ತಾರೆ ಮಾರಾಯ್ರೆ? ಏಜೆಂಟ್ ಹೋಗ್ತಾನಾ?

ಅರ್ಜಿ ಹಾಕುವುದು ದೊಡ್ಡ ವಿದ್ಯೆ ಅಲ್ಲ. ಕಾನ್ಸುಲರ್ ಸರ್ವಿಸಸ್ ಪೋರ್ಟಲ್ ಅಂತ ಅವರದ್ದೇ ಉಂಟು, ಅದರಲ್ಲಿ ಫಾರ್ಮ್ ತುಂಬಿಸಿ ಕಾಗದಗಳನ್ನು ಅಪ್‌ಲೋಡ್ ಮಾಡುವುದು. ಅವರು ನೋಡಿ, ಕಮ್ಮಿ ಇದ್ದದ್ದನ್ನು ಕೇಳ್ತಾರೆ, ಆಮೇಲೆ ಅಪಾಯಿಂಟ್‌ಮೆಂಟ್. ಆ ದಿನ ಅಸಲು ಕಾಗದ ಹಿಡಿದುಕೊಂಡು ಹೋಗಿ ಬೆರಳಚ್ಚು ಕೊಟ್ಟು ಬರಬೇಕು. ಹೋಗುವ ದಿನದಿಂದ ಅಲ್ಲಿ ಅಡ್ಮಿಶನ್ ಆಗುವ ತನಕ ಟ್ರಾವೆಲ್ ಇನ್ಶೂರೆನ್ಸ್, ಆಮೇಲೆ ಅಲ್ಲಿನ ಸ್ಟೂಡೆಂಟ್ ಇನ್ಶೂರೆನ್ಸ್, ಎರಡೂ ಬ್ಲಾಕ್ಡ್ ಅಕೌಂಟ್ ಮಾಡುವ ಕಂಪೆನಿಯವರೇ ಒಟ್ಟಿಗೆ ಮಾಡಿ ಕೊಡ್ತಾರೆ. ಚಳಿಗಾಲದ ಸೆಮಿಸ್ಟರ್ ಲೆಕ್ಕಕ್ಕೆ ಅಕ್ಟೋಬರ್ 1ಕ್ಕೆ ಶುರು. ಹಾಗಾಗಿ ಲೋನಿನ ಕೆಲಸ ಈ ವಾರವೇ ಆಗಬೇಕು, ಬ್ಯಾಂಕಿನವರೇ ಎಲ್ಲದಕ್ಕಿಂತ ನಿಧಾನ. ನಾನೂ ಅಲ್ಲಿಯೇ ಇದ್ದವಳು, ಹೇಳಬಹುದು.

ಭಾವಾ, ಕೊನೆಗೆ ಒಂದು. ಪುಟ್ಟಿಯ ಪಾಸ್‌ಪೋರ್ಟನ್ನೂ ಮಾರ್ಕ್ಸ್‌ಕಾರ್ಡಿನ ಅಸಲನ್ನೂ ಏಜೆಂಟನ ಆಫೀಸಿನಲ್ಲೇ ಬಿಟ್ಟು ಬಂದಿದ್ದೀರಿ ಅಂತ ಅಕ್ಕ ಹೇಳಿದಳು. ನಾಳೆ ಬೆಳಗಿನ ಟ್ರೈನಿನಲ್ಲೇ ಹೋಗಿ ವಾಪಸು ತನ್ನಿ. ಜಗಳ ಮಾಡಬೇಡಿ, ಮನೆಯಲ್ಲಿ ಸ್ವಲ್ಪ ಮಾತಾಡ್ಲಿಕ್ಕುಂಟು ಅಂತ ಹೇಳಿದರೆ ಸಾಕು. ಪೋರ್ಟಲಿನಲ್ಲಿ ಪುಟ್ಟಿಯ ಹೆಸರಿನಲ್ಲಿ ಅಕೌಂಟ್ ಮಾಡಿದ್ದಾನಾ, ಪಾಸ್‌ವರ್ಡ್ ಎಂತ, ಯಾವ ಇಮೇಲ್ ಕೊಟ್ಟಿದ್ದಾನೆ, ಅದನ್ನೂ ಬರೆದುಕೊಂಡು ಬನ್ನಿ. ಅಡ್ವಾನ್ಸ್ ಕೊಟ್ಟಿದ್ದರೆ ರಶೀದಿ ಕೇಳಿ. ಶನಿವಾರ ಮಧ್ಯಾಹ್ನಕ್ಕೆ ಮೂವರೂ ಇಲ್ಲಿಗೇ ಬನ್ನಿ, ಪುಟ್ಟಿ ಲ್ಯಾಪ್‌ಟಾಪ್ ತರಲಿ, ಚಾರ್ಜರ್ ಮರೆಯಬೇಡ ಅಂತ ಹೇಳಿ. ಊಟ ನಮ್ಮಲ್ಲಿ.